ಹತ್ತು ಗಂಟೆ ಇಪ್ಪತ್ತೈದು ನಿಮಿಷ

ಗಡಿಯಾರ ನೋಡುವುದನ್ನು ನನಗೆ ಕಲಿಸಿದ ನಮ್ಮ ಶಾಲೆಯ ಅಕ್ಕೋರು ಹೋದ ತಿಂಗಳು ತೀರಿಕೊಂಡರು. ಮೂರನೆಯ ತರಗತಿಯಲ್ಲಿದ್ದಾಗ ಅವರ ಬಗ್ಗೆ ನಾನೊಂದು ಸಾಕ್ಷಿ ಹೇಳಿದ್ದೆ. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ.

ನಮ್ಮೂರು ದೇವಣಗಾಂವದ ಕಡೆ. ಅಕ್ಕೋರು ಸಿಂದಗಿಯಿಂದ ಬಸ್ಸಿಗೆ ಬರುತ್ತಿದ್ದರು. ಸೀರೆ ಡಬ್ಬಿಯ ಮುಚ್ಚಳದ ಮೇಲೆ ಹನ್ನೆರಡು ಅಂಕಿ ಬರೆದು, ರಟ್ಟಿನ ಎರಡು ಮುಳ್ಳುಗಳನ್ನು ಅಂಗಿಯ ಗುಂಡಿ ಇಟ್ಟು ನಡುವೆ ಹೊಲಿದು ಒಂದು ಗಡಿಯಾರ ಮಾಡಿದ್ದರು. ಅದನ್ನು ಮೊದಲು ಓದಲು ಕಲಿತವಳು ನಾನು. ಆಮೇಲೆ ಗೋಡೆಯ ಮೇಲಿನ ನಿಜವಾದ ಗಡಿಯಾರ ನೋಡಿ ಎಲ್ಲದಕ್ಕೂ ನಿಮಿಷ ಹೇಳುವ ಹುಚ್ಚು ಹಿಡಿಯಿತು.

"ಬಂದ್ಲು ನೋಡ್ರೇ ಗಡಿಯಾರದವ್ವ! ನಾ ಎಷ್ಟ ನಿಮಿಷ ಸೀನಿದ್ನಿ ಹೇಳ?" ಎಂದು ಗೆಳತಿಯರು ಕಾಡುತ್ತಿದ್ದರು.

ಒಂದು ದಿನ ಶಾಲೆಯ ತಪಾಸಣೆಗೆ ಸಾಹೇಬರು ಬಂದರು. ಹತ್ತು ಗಂಟೆಯ ಪ್ರಾರ್ಥನೆ ಮುಗಿದಿತ್ತು, ಅಕ್ಕೋರು ಇನ್ನೂ ಬಂದಿರಲಿಲ್ಲ.

"ಗಡಿಯಾರ ನೋಡಾಕ ಯಾರಿಗರ ಬರ್ತೈತೇನು?" ಎಂದು ಸಾಹೇಬರು ಕೇಳಿದರು.

ನಾನು ಎದ್ದು ನಿಂತು, ಹತ್ತು ಗಂಟೆ ಏಳು ನಿಮಿಷ ಎಂದೆ.

"ಅಬಾಬಾ! ಭಾಳ ಶಾಣ್ಯಾಕಿ ಅದಿಯಲ್ಲ! ನಿಮ್ಮ ಅಕ್ಕೋರು ದಿನಾ ಎಷ್ಟಕ್ಕ ಬರ್ತಾರ ಹೇಳು."

"ಹತ್ತೂ ಇಪ್ಪತ್ತೈದಕ್ಕರೀ ಸಾಹೇಬ್ರ." ಅವರು ಬರೆದುಕೊಳ್ಳುವುದನ್ನು ಕಂಡು ಸೇರಿಸಿದೆ: "ನಿನ್ನಿ ಹತ್ತೂವರಿ ಆಗಿತ್ರಿ."

ಹತ್ತೂ ಇಪ್ಪತ್ತೈದಕ್ಕೆ ಅಕ್ಕೋರು ಬಾಗಿಲಲ್ಲಿ ನಿಂತರು. ಸಾಹೇಬರು ನಕ್ಕರು. "ನಿಮ್ಮ ಹುಡುಗಿ ಲೆಕ್ಕ ಬರೋಬ್ಬರಿ ಐತ್ರಿ." ಅಕ್ಕೋರು ಗಡಿಯಾರ ನೋಡಿದರು, ನನ್ನನ್ನು ನೋಡಲಿಲ್ಲ. ಹದಿನೈದು ದಿನಗಳೊಳಗೆ ಅವರನ್ನು ಮುದ್ದೇಬಿಹಾಳದ ಆಚೆಯ ಒಂದು ಹಳ್ಳಿಗೆ ವರ್ಗ ಮಾಡಿದರು.

ಅವರು ಎಷ್ಟಕ್ಕೆ ಹೋಗುತ್ತಾರೆಂದು ಸಾಹೇಬರು ಕೇಳಲಿಲ್ಲ. ಶಾಲೆ ನಾಲ್ಕೂವರೆಗೆ ಬಿಡುತ್ತಿತ್ತು. ಓದಲು ಬಾರದ ಏಳೆಂಟು ಮಕ್ಕಳನ್ನು ಕೂರಿಸಿಕೊಂಡು ಅಕ್ಕೋರು ಆರೂ ಐದರ ಬಸ್ಸಿನವರೆಗೆ ಇರುತ್ತಿದ್ದರು. ಅದೂ ನನಗೆ ಗೊತ್ತಿತ್ತು. ಕೇಳಲಿಲ್ಲ, ಅದಕ್ಕೇ ಹೇಳಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಹಿಂದಿನ ದಿನದ ಆ ಐದು ನಿಮಿಷವನ್ನೂ ಅವರು ಕೇಳಿರಲಿಲ್ಲ.

ದೊಡ್ಡವಳಾದ ಮೇಲೆ ಒಮ್ಮೆ ಇಂಡಿ ಬಸ್ ನಿಲ್ದಾಣದಲ್ಲಿ ಅವರು ಸಿಕ್ಕರು. ಕಾಲಿಗೆರಗಿದೆ. "ಟೈಮ್ ಎಷ್ಟಾತವಾ? ನಿನ್ನನ್ನ ಕೇಳಬೇಕಲ್ಲ!" ಎಂದು ನಕ್ಕರು. ಅಂದು ಸಾಹೇಬರ ಮುಂದೆ ಆಡಿದ್ದನ್ನು ಹೇಳಿಬಿಡಬೇಕೆಂದುಕೊಂಡೆ. ಅಷ್ಟರಲ್ಲಿ ನನ್ನ ಬಸ್ಸು ಬಂತು. ಬಂತಲ್ಲ ಎಂದು ಸಮಾಧಾನವೇ ಆಯಿತು.

ಅಕ್ಕೋರು ಮಣ್ಣಾದ ಮೂರನೆಯ ದಿನ ಹೂವಿನ ಹಿಪ್ಪರಗಿಯಲ್ಲಿ ಅವರ ತವರುಮನೆಗೆ ಹೋದೆ. ಅವರ ಮಗಳೊಬ್ಬಳೇ ಇದ್ದಳು. ಚಹಾ ಕೊಟ್ಟು ಎದುರಿಗೆ ಕುಳಿತಳು.

"ಐದು ವರ್ಷದಾಕಿ ಆಗೂಮಟ ನಾ ಇದ ಮನ್ಯಾಗ ಅಜ್ಜಿ ಕೂಡ ಇದ್ನಿ, ಅಕ್ಕಾ. ಕೂಸಿದ್ದಾಗ ಅವ್ವನ್ನ ಒಮ್ಮಿಲೆ ದೂರದ ಸಾಲಿಗೆ ವರ್ಗಾ ಮಾಡಿದ್ರಂತ. ಸಿಂದಗ್ಯಾಗ ಇದ್ದಾಗ ಮುಂಜಾನೆ ನನಗ ಹಾಲು ಕುಡಿಸಿ, ಮಲಗಿಸಿ, ಎರಡನೇ ಬಸ್ಸಿಗೆ ಸಾಲಿಗೆ ಹೋಗ್ತಿದ್ಲಂತ."

ನಾನು ಕಪ್ಪು ಕೆಳಗಿಟ್ಟೆ. ಎರಡನೆಯ ಬಸ್ಸು ಎಷ್ಟಕ್ಕೆ ಬರುತ್ತಿತ್ತು, ಅದನ್ನು ಯಾರಿಗೆ ಯಾರು ಹೇಳಿದರು, ಎಲ್ಲವನ್ನೂ ಅವಳಿಗೆ ಹೇಳಿದೆ. ಅವಳ ಮುಖ ನೋಡಲಾಗದೆ, ಅಂದು ಹೇಳದೆ ಬಿಟ್ಟದ್ದನ್ನೂ ಅವಸರದಲ್ಲಿ ಸೇರಿಸಿದೆ: "ಆದ್ರ ಓದಾಕ ಬಾರದವರನ್ನ ಕೂಡಿಸ್ಕೊಂಡು ಸಂಜಿಕ ಆರೂ ಐದರ ತನಕ ನಮ್ಮ ಕೂಡ ಇರ್ತಿದ್ರವಾ. ಒಂದ ದಿನಾನೂ ಮೊದಲ ಹೋಗಿಲ್ಲ."

ಅದು ಅಕ್ಕೋರ ಪರವಾದ ಸಾಕ್ಷಿಯೆಂದು ಇಷ್ಟು ವರ್ಷ ಕಾದಿಟ್ಟುಕೊಂಡಿದ್ದೆ.

ಅವಳು ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. "ಅಂದ್ರ ಮನಿ ಮುಟ್ಟಾಕ ಏಳು ದಾಟತಿತ್ತು. ಅಷ್ಟೊತ್ತಿಗೆ ನಾ ಮಲಗಿರ್ತಿದ್ನಂತ."

ಅವಳು ನನ್ನ ಕಪ್ಪನ್ನು ಎತ್ತಿಕೊಂಡಳು.

"ನಿಮಗೂ ಓದಾಕ ಬರ್ತಿದ್ದಿಲ್ಲೇನು, ಅಕ್ಕಾ?" ಎಂದು ಕೇಳಿದಳು.

"ಬರ್ತಿತ್ತು," ಎಂದೆ. "ಅವರ ಹತ್ರ ಕೂಡಬೇಕಂತ ಕೂಡ್ತಿದ್ನಿ."