ಚಹಾ ಮೇಜು ಆ ತುದಿಗೆ

ಹಾರಾಡುವವರನ್ನು ನೆಲಕ್ಕಿಳಿಸುವುದೇ ಕಂಟ್ರೋಲರಮ್ಮನ ಕೆಲಸ. ಮೊದಲು ಬಸ್ ಡಿಪೋದಲ್ಲಿ, ಈಗ ಗ್ಲೈಡರ್ ಮೈದಾನದಲ್ಲಿ. ಇಪ್ಪತ್ತೇಳು ವರ್ಷ ಸೀಟಿ ಊದಿ ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿ ನಿವೃತ್ತಳಾದವಳನ್ನು ಇಲ್ಲಿಗೆ ಕರೆತಂದವನು, ಕ್ಲಬ್ಬಿನಲ್ಲಿ ರೆಕ್ಕೆ ರಿಪೇರಿ ಮಾಡುವ ಗಂಡನೇ. "ಮನೇಲಿ ಕೂತ್ರೆ ನನ್ನನ್ನೇ ಸಾಲಲ್ಲಿ ನಿಲ್ಲಿಸ್ತಾಳೆ" ಎಂಬುದು ಅವನ ಸಮಜಾಯಿಷಿ.

ಡಿಪೋ ಆಕೆಗೆ ಕಲಿಸಿದ್ದು ಒಂದೇ ಪಾಠ: ಮೊದಲು ಬಂದದ್ದು ಕೊನೇ ತುದಿಗೆ ಹೋಗಬೇಕು. ಬಾಗಿಲಲ್ಲೇ ನಿಂತರೆ ಹಿಂದಿನ ಬಸ್ಸು ರಸ್ತೆಯಲ್ಲಿ ಕಾಯಬೇಕು. ಗ್ಲೈಡರಿಗೆ ಕಾಯುವ ಭಾಗ್ಯವೂ ಇಲ್ಲ. ಇಂಜಿನ್ ಇಲ್ಲ, ಹಾರ್ನ್ ಇಲ್ಲ, ಇನ್ನೊಂದು ಸುತ್ತು ಹಾಕಿ ಬರುತ್ತೇನೆ ಅನ್ನುವ ಹಾಗಿಲ್ಲ. ಸ್ಪರ್ಧೆಯ ದಿನ ಇಪ್ಪತ್ತೆರಡು ಗ್ಲೈಡರುಗಳೂ ಹತ್ತು ನಿಮಿಷದೊಳಗೆ ಬಂದುಬಿಡುತ್ತವೆ. ಎಲ್ಲಕ್ಕೂ ನೆಲ ಬೇಕು, ಈಗಲೇ ಬೇಕು.

ಚಾಂಪಿಯನ್ ಸಾಹೇಬರು ಮಾತ್ರ ಎಲ್ಲರಿಗಿಂತ ಮೊದಲು ಇಳಿದು ಕ್ಲಬ್ಬಿನ ಮೆಟ್ಟಿಲೆದುರಿಗೇ ಗಕ್ಕನೆ ನಿಲ್ಲುತ್ತಿದ್ದರು. ಶಾಮಿಯಾನ, ಚಹಾ ಮೇಜು, ಫೋಟೋದವನು, ಎಲ್ಲ ಇದ್ದದ್ದು ಅಲ್ಲೇ. ಆ ತುದಿಗೆ ಉರುಳಿದರೆ ಆಮೇಲೆ ಗ್ಲೈಡರನ್ನು ತಳ್ಳಿಕೊಂಡು ಬರಬೇಕಲ್ಲ! ಒಂದು ದಿನ ಹಾಗೆ ನಿಂತದ್ದಕ್ಕೆ, ಹಿಂದೆ ಬಂದ ಹೊಸ ಪೈಲಟ್ ಹುಡುಗಿ ಪಕ್ಕಕ್ಕೆ ತಿರುಗಿಸಿ ರೆಕ್ಕೆಯನ್ನು ಬೇಲಿಗೆ ಬಡಿಸಿಕೊಂಡಳು.

ಅಂದೇ ಸಂಜೆ ಚಾಂಪಿಯನ್ನರ ಅಂಕ ಕಡಿಯಲು ಕಂಟ್ರೋಲರಮ್ಮ ಚೀಟಿ ಬರೆದುಕೊಟ್ಟಳು. ಕ್ಲಬ್ಬಿನ ಅಧ್ಯಕ್ಷರು ಅದನ್ನು ನಾಲ್ಕು ಮಡಿಕೆ ಮಾಡಿ, ಶಾಮಿಯಾನದಲ್ಲಿ ಅಲ್ಲಾಡುತ್ತಿದ್ದ ತಮ್ಮ ಕುರ್ಚಿಯ ಕಾಲಿಗೆ ಒತ್ತುಕೊಟ್ಟರು.

"ಇದು ನಿಮ್ಮ ಬಸ್ ಸ್ಟ್ಯಾಂಡ್ ಅಲ್ಲಮ್ಮ. ಇನ್ನೊಂದು ಸಲ ತಲೆ ಹಾಕಿದ್ರೆ ವಾಕಿಟಾಕಿ ಕೊಟ್ಟು ಮನೆಗೆ ಹೋಗಿ."

"ಅಲ್ಲಿ ಬ್ರೇಕ್ ಹಾಕ್ರಪ್ಪಾ ಅಂತ ಕೂಗ್ತಿದ್ದೆ ಸಾರ್, ಇಲ್ಲಿ ಹಾಕಬೇಡ್ರಪ್ಪಾ ಅಂತ ಗೋಗರೀಬೇಕು. ಅಷ್ಟೇ ವ್ಯತ್ಯಾಸ."

ಮರುದಿನ ಮಧ್ಯಾಹ್ನ. ಹುಡುಗಿಯದ್ದೂ ಸೇರಿ ಇಪ್ಪತ್ತೆರಡೂ ಆಕಾಶದಲ್ಲಿದ್ದವು. ಅಧ್ಯಕ್ಷರು ಊಟಕ್ಕೆ ಹೋಗಿದ್ದರು. ಕಂಟ್ರೋಲರಮ್ಮ ಟ್ರ್ಯಾಕ್ಟರ್ ತಂದು ಶಾಮಿಯಾನ ಬಿಚ್ಚಿದಳು.

"ಕೆಲಸ ಹೋಗುತ್ತೆ ಕಣೇ!" ಎಂದ ಗಂಡ.

"ಹೋಗ್ಲಿ ಬಿಡ್ರಿ. ರಾತ್ರಿಯೆಲ್ಲ ಕೂತು ರೆಕ್ಕೆ ಅಂಟಿಸಿದ್ರಿ. ಆ ಮಗು ಕತ್ತು ಮುರಿದಿದ್ರೆ ಯಾವ ಗೋಂದಲ್ಲಿ ಅಂಟಿಸ್ತಿದ್ರಿ?"

ಅವನು ಕಂಬದ ಇನ್ನೊಂದು ತುದಿ ಎತ್ತಿದ.

"ಅಮ್ಮಾ, ನನ್ನ ಸ್ಟೂಲು?" ಎಂದು ಓಡಿಬಂದ ಫೋಟೋದವನು.

"ಅದೂ ಟ್ರ್ಯಾಕ್ಟರ್ ಮೇಲೇ ಇದೆ, ನೀನೂ ಹತ್ತು."

ಮೇಜು, ಕುರ್ಚಿ, ಚಹಾದ ಹಂಡೆ, ಫೋಟೋದವನು, ಎಲ್ಲ ಒಂದು ಕಿಲೋಮೀಟರ್ ಆಚೆ, ಮೈದಾನದ ಕೊನೆಯಲ್ಲಿ, ಸುಣ್ಣದ ಗೆರೆಯ ಹೊರಗೆ ಇಳಿದವು.

ನಾಲ್ಕಕ್ಕೆ ಗ್ಲೈಡರುಗಳು ಬಂದವು. ಮೊದಲು ಚಾಂಪಿಯನ್. ಮೆಟ್ಟಿಲೆದುರು ಬರೀ ಹುಲ್ಲು. ದೂರದಲ್ಲಿ ಬಿಳಿ ಶಾಮಿಯಾನ, ಕ್ಯಾಮೆರಾ. ಸಾಹೇಬರು ಬ್ರೇಕು ಮರೆತು ಉರುಳಿದರು, ಉರುಳಿದರು, ಕೊನೇವರೆಗೂ ಉರುಳಿದರು. ಅವರ ಹಿಂದೆ ಒಂದೊಂದಾಗಿ ಇಪ್ಪತ್ತು ಗ್ಲೈಡರುಗಳು ಹೋಗಿ ಪಕ್ಕಪಕ್ಕ ನಿಂತವು.

ವಾಕಿಟಾಕಿಯಲ್ಲಿ ಹುಡುಗಿಯ ದನಿ ಕೇಳಿತು. "ಆಂಟಿ, ಎತ್ತರ ಇಲ್ಲ! ಬೇಲಿ ದಾಟಿದ್ರೆ ಹೆಚ್ಚು!"

"ದಾಟು ತಾಯಿ. ಬಾಗಿಲಲ್ಲಿ ಯಾರೂ ಇಲ್ಲ. ನಿನಗೊಬ್ಬಳಿಗೆ ಅಲ್ಲಿ ನಿಲ್ಲೋಕೆ ಪರ್ಮಿಷನ್."

ಗ್ಲೈಡರು ಬೇಲಿಯನ್ನು ಸವರಿಕೊಂಡು ಬಂದು, ಮೆಟ್ಟಿಲೆದುರಿನ ಖಾಲಿ ಹುಲ್ಲಿನ ಮೇಲೆ ಕುಳಿತಿತು.

ಅಧ್ಯಕ್ಷರು ಕಿಲೋಮೀಟರ್ ನಡೆದು, ಶಾಮಿಯಾನದ ಬಳಿ ನಿಂತಿದ್ದ ಕಂಟ್ರೋಲರಮ್ಮನ ಹತ್ತಿರ ಏದುಸಿರು ಬಿಡುತ್ತ ಬಂದರು.

"ಯಾರನ್ನ ಕೇಳಿ ಎತ್ಕೊಂಡು ಬಂದ್ರಿ?"

"ಯಾರನ್ನೂ ಕೇಳ್ಲಿಲ್ಲ ಸಾರ್."

"ವಾಕಿಟಾಕಿ ಕೊಡಿ."

ಕೊಟ್ಟಳು. ಕೊಟ್ಟು, ಚೀಲದಿಂದ ಡಿಪೋದ ಹಳೇ ಸೀಟಿ ತೆಗೆದು ಕೊರಳಿಗೆ ಹಾಕಿಕೊಂಡಳು. "ಶಾಮಿಯಾನದ ಗೂಟ ಎರಡಡಿ ಆಳ ಹೊಡೆದಿದೀನಿ. ನಾಳೆ ನಾನು ಇದರ ಪಕ್ಕದಲ್ಲೇ ಕೂತಿರ್ತೀನಿ. ಕೀಳೋಕೆ ಯಾರು ಬರ್ತಾರೋ ಬರ್ಲಿ."

ಅಧ್ಯಕ್ಷರು ದೊಪ್ಪನೆ ತಮ್ಮ ಕುರ್ಚಿಯಲ್ಲಿ ಕುಳಿತರು. ಕುರ್ಚಿ ಅಲ್ಲಾಡಿತು. ಬಗ್ಗಿ ನೋಡಿದರೆ ಕಾಲ ಕೆಳಗೆ ಚೀಟಿ ಇಲ್ಲ. ಅದು ಮಡಿಕೆ ಬಿಚ್ಚಿಕೊಂಡು ರೆಕ್ಕೆಯ ಗೋಂದಿನಲ್ಲಿ ಶಾಮಿಯಾನದ ಕಂಬಕ್ಕೆ ಅಂಟಿತ್ತು. ಪೈಲಟ್ಟುಗಳೆಲ್ಲ ಲೋಟ ಹಿಡಿದು ಅದನ್ನೇ ಓದುತ್ತಿದ್ದರು.