ಗಾಲಿ ತಾನಾಗಿ ನಿಲ್ಲುವವರೆಗೆ

ತಲೆಕೆಳಗಾಗಿ ನಿಲ್ಲಿಸಿದ್ದ ನನ್ನ ಸೈಕಲ್ಲಿನ ಮುಂದಿನ ಗಾಲಿ ತೊಟ್ಟಿಲಿನಂತೆ ಅತ್ತಿತ್ತ ತೂಗುತ್ತಿತ್ತು. ಅಕ್ಕಿಆಲೂರಿನ ಸೈಕಲ್ ರಿಪೇರಿಯ ಮುದುಕ ಸಾಬರು ಅದನ್ನೇ ನೋಡುತ್ತ ಕುಳಿತಿದ್ದರು. ನನಗೋ ಹೊರಡುವ ಆತುರ. ತಡಸದಲ್ಲಿ ಅವ್ವನಿಗೆ ತೀರಾ ಆರಾಮಿಲ್ಲವೆಂದು ಬೆಳಿಗ್ಗೆ ತಾನೇ ಸುದ್ದಿ ಬಂದಿತ್ತು.

ತಪ್ಪು ನನ್ನದೇ. ಗಾಲಿ ಅಲುಗಾಡುತ್ತದೆಂದು ಹಿಂದಿನ ದಿನ ನಾನೇ ಪಾನಾ ಹಿಡಿದು, ಒಳಗಿನ ಬೇರಿಂಗ್ ಗುಂಡುಗಳನ್ನು ಒತ್ತಿ ಹಿಡಿಯುವ ಕೋನ್ ಎಂಬ ತಿರುಪನ್ನು ಬಲವಾಗಿ ಬಿಗಿದಿದ್ದೆ. ಸುದ್ದಿ ಕೇಳಿ ಹೊರಟರೆ, ಊರು ದಾಟುವ ಮೊದಲೇ ಗಾಲಿ ಕಿರುಗುಟ್ಟಿ ಹಿಡಿದುಕೊಂಡಿತು. ಯುದ್ಧದ ಕಾಲ, ಸೈಕಲ್ಲಿಗೆ ಹೊಸ ಗುಂಡು ಸಿಗುತ್ತಿರಲಿಲ್ಲ. ಸಾಬರು ಹಳೆಯವನ್ನೇ ಚಿಮಣಿ ಎಣ್ಣೆಯಲ್ಲಿ ತೊಳೆದು, ಗ್ರೀಸ್ ಮೆತ್ತಿ ಕೂಡಿಸಿ, ಕೋನನ್ನು ಕೂದಲೆಳೆಯಷ್ಟು ಸಡಿಲ ಬಿಟ್ಟಿದ್ದರು.

ಅವಸರ ತಡೆಯದೆ ಗಾಲಿ ಹಿಡಿದು ನಿಲ್ಲಿಸಲು ಕೈ ಚಾಚಿದೆ.

"ಮುಟ್ಟಬ್ಯಾಡ್ರಿ ಮಾಸ್ತರ, ತಾನ ನಿಂದ್ರಲಿ. ಚಲೋ ಗಾಲಿ ಸಾವಕಾಶ ನಿಂದರ್ತೈತಿ," ಎಂದರು.

ತೂಗಾಟ ಸಣ್ಣದಾಯಿತು. ಗಾಳಿ ತುಂಬುವ ವಾಲ್ ತನ್ನ ಭಾರಕ್ಕೆ ಕೆಳಗೆ ಬಂತು, ತುಸು ಹಿಂದೆ ಸರಿಯಿತು, ಮತ್ತೆ ಬಂತು. ನಿಂತದ್ದು ಯಾವ ಕ್ಷಣವೋ ಹೇಳಲಾರೆ.

ಸಂಜೆ ತಡಸ ಮುಟ್ಟಿದಾಗ ಅವ್ವ ಕಣ್ಣು ಮುಚ್ಚಿ ಮಲಗಿದ್ದಳು. ಉಸಿರು ಹೋಗಿ ಬರುತ್ತಿತ್ತು, ಪ್ರತಿ ಸಲ ಇನ್ನಷ್ಟು ತಡವಾಗಿ. ಅಕ್ಕ ಗಾಬರಿಯಿಂದ ಅವಳ ಭುಜ ಹಿಡಿದು ಅಲ್ಲಾಡಿಸತೊಡಗಿದಳು.

"ಬ್ಯಾಡ ಅಕ್ಕ," ಎಂದು ಅವಳ ಕೈ ಹಿಡಿದುಕೊಂಡೆ. ಇಬ್ಬರೂ ಸುಮ್ಮನೆ ನೋಡುತ್ತ ಕುಳಿತೆವು. ಯಾವ ಉಸಿರು ಕೊನೆಯದೆಂದು ನಮಗಿಬ್ಬರಿಗೂ ತಿಳಿಯಲಿಲ್ಲ.