ಅಜ್ಜಿಯ ತೊಡೆಯ ಮೇಲಿನ ಫೋಟೊ

ಮಗಳು ಮೊಬೈಲಿನಲ್ಲಿ ಎರಡು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿ, ನನ್ನ ತಲೆಯೊಳಗೆ ಕಾಡುಗೋಡಿಯ ಮೆಟ್ರೋ ಓಡಿಸಿದ್ದಾಳೆ. ಆ ತಲೆಯಲ್ಲಿ ಏನಾದರೂ ಓಡಿದ್ದು ಇದೇ ಮೊದಲು ಎಂದಳು ಹೆಂಡತಿ.

ನನಗೆ ಲಗ್ಗೆರೆಯ ನಮ್ಮ ಹಳೇ ಮನೆಯ ಗೋಡೆ ನೆನಪಾಯಿತು. ಅಲ್ಲೊಂದು ಫೋಟೊ: ಅಜ್ಜಿಯ ತೊಡೆಯ ಮೇಲೆ ಕೂಸಾಗಿದ್ದ ನಾನು. ತೆಗೆದವರು ಚಿಕ್ಕಪ್ಪ. ವಾರವಿಡೀ ಪೀಣ್ಯದಲ್ಲಿ ಲೇತ್ ಮಷಿನ್ನು, ಭಾನುವಾರ ಕ್ಯಾಮೆರಾ. ಅಜ್ಜಿಯ ನೂಲಿನ ಸೀರೆಯ ಒರಟು, ಬಾಯಿಯ ಎಲೆಯಡಿಕೆ ವಾಸನೆ ನನಗೆ ಚೆನ್ನಾಗಿ ನೆನಪಿತ್ತು. ಮನೆಗೆ ಬಂದವರಿಗೆಲ್ಲ ವರ್ಣಿಸುತ್ತಿದ್ದೆ. ದೊಡ್ಡವರು ಸುಮ್ಮನೆ ನಗುತ್ತಿದ್ದರು.

ಐದನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಅಮ್ಮನಿಗೆ ತಡೆಯಲಾಗಲಿಲ್ಲ. “ಅಜ್ಜಿ ತೀರ್ಹೋಗಿದ್ದು ನೀನು ಹುಟ್ಟೋಕೆ ಮುಂಚೆ ಕಣೋ.”

ಚಿಕ್ಕಪ್ಪನ ಬಳಿ ಓಡಿದೆ.

“ಅವ್ವನ ಫೋಟೊ ತೆಗೆದಿದ್ದ ಫಿಲ್ಮ್ ರೋಲನ್ನ ಹೊಸದು ಅಂದ್ಕೊಂಡು ಮತ್ತೆ ಕ್ಯಾಮೆರಾಗೆ ಹಾಕ್ಬಿಟ್ಟೆ ಮಗಾ. ಅದರ ಮೇಲೇ ನಿನ್ನ ಫೋಟೊ ಬಿತ್ತು. ತೊಳೆಸಿ ನೋಡಿದ್ರೆ ನೀನು ಸರಿಯಾಗಿ ತೊಡೆ ಮೇಲೇ ಕೂತಿದ್ದೆ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಹೇಳೋಣ ಅನ್ನೋಷ್ಟರಲ್ಲಿ ನೀನು ಎಲೆಯಡಿಕೆ ವಾಸನೆ ಅಂದೆ. ಅವ್ವ ಎಲೆಯಡಿಕೆ ಹಾಕ್ತಿದ್ದದ್ದು ಇವನಿಗ್ಯಾರು ಹೇಳಿದ್ರು ಅಂತ ನಂಗೇ ತಲೆ ಕೆಟ್ಟೋಯ್ತು.”

ಯಾರೂ ಹೇಳಿರಲಿಲ್ಲ. ಅಥವಾ ಹೇಳಿದ್ದರೋ ಏನೋ.

ಇವತ್ತು ಈ ಕತೆ ಕೇಳಿ ಮಗಳು ಫೋನ್ ಕೆಳಗಿಟ್ಟಳು. “ಹಂಗಾದ್ರೆ ಅಪ್ಪಾ, ನೀನು ನಿಮ್ಮಜ್ಜಿನ ನೋಡೇ ಇಲ್ವಾ?”

ಇಲ್ಲ ಎನ್ನಬೇಕಿತ್ತು.

“ಸರಿಯಾಗಿ ನೆನಪಿಲ್ಲ ಕಣೇ” ಎಂದೆ.